ಎರಡನೆಯ ಸರ್ವಿಸಿಗೆ ಉಳ್ಳಾಗಡ್ಡಿ

ನಮ್ಮ ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಮರು ಬೇಸಿಗೆಯ ಮಾತು. ಔರಾದದ ಶಾಲೆಯಲ್ಲಿ ಮಾಸ್ತರನಾಗಿದ್ದ ನಾನು ರಜೆಗೆ ಬೀದರಿನ ಮನೆಗೆ ಬಂದಿದ್ದೆ. ಆಗ ನನಗೆ ಟೆನಿಸಿನ ಹುಚ್ಚು; ಊಟ ಬಿಟ್ಟೇನು, ಆಟ ಬಿಡಲಾರೆ. ಹಿಂದಿನ ವರ್ಷ ಭಾಲ್ಕಿಯಲ್ಲಿ ನಡುಮಧ್ಯಾಹ್ನ ಆಡಲು ಹೋಗಿ ತಲೆ ತಿರುಗಿ ಬಿದ್ದವನನ್ನು ಗೆಳೆಯರು ರೈಲಿನಲ್ಲಿ ಮಲಗಿಸಿಕೊಂಡು ತಂದಿದ್ದರು. ಅಂದಿನಿಂದ ಅವ್ವನದು ಒಂದೇ ಮಾತು: "ಇನ್ನೊಮ್ಮಿ ಬಿದ್ದಿ ಅಂದ್ರ ಬ್ಯಾಟು ನೀರೊಲಿಗೆ ಹಾಕ್ತೇನಿ, ನೋಡು."

ಹಾಕುವವಳೇ ಅವಳು! ಅದಕ್ಕೇ ಉಪ್ಪು ಹಾಕಿದ ಮಜ್ಜಿಗೆ ಕುಡಿದು, ತಲೆಗೆ ಒದ್ದೆ ರುಮಾಲು ಸುತ್ತಿ, ಬಿಸಿಲು ಬಡಿಯದಿರಲೆಂದು ಅವಳು ಕೊಟ್ಟ ದಪ್ಪನೆಯ ಬಿಳಿ ಉಳ್ಳಾಗಡ್ಡಿಯನ್ನು ಪ್ಯಾಂಟಿನ ಜೇಬಿಗೆ ಇಳಿಸಿಕೊಂಡೇ ಹೋಗುತ್ತಿದ್ದೆ.

ಮೈಸೂರು ಕಡೆಯಿಂದ ಇಲ್ಲಿನ ಕಚೇರಿಗೆ ಹೊಸದಾಗಿ ಬಂದಿದ್ದ ಸಾಹೇಬರೊಬ್ಬರಿಗೂ ಇದೇ ಹುಚ್ಚು. ಒಂದು ದಿನ, ಬಿಸಿಲಿಳಿಯಲಿ ಎಂದರೆ ಕೇಳದೆ ಮೂರು ಗಂಟೆಗೇ ಬರಿದಲೆಯಲ್ಲಿ ಕೋರ್ಟಿಗಿಳಿದರು. ಉಬ್ಬಿದ ನನ್ನ ಜೇಬಿನಲ್ಲಿ ಏನೆಂದು ಕೇಳಿದರು.

"ಉಳ್ಳಾಗಡ್ಡಿರಿ. ಬಿಸಲಿಗೆ," ಎಂದು ತೆಗೆದು ತೋರಿಸಿದೆ.

"ಓ, ಈರುಳ್ಳಿ! ಏನ್ರೀ ಮೇಷ್ಟ್ರೇ, ಆಡೋಕೆ ಬಂದ್ರೋ, ಹುಳಿಗೆ ಹೆಚ್ಚೋಕೆ ಬಂದ್ರೋ?"

ನನಗೆ ರೋಷ ಉಕ್ಕಿತು. ಉಳ್ಳಾಗಡ್ಡಿಯನ್ನು ಮತ್ತೆ ಜೇಬಿಗೆ ತುರುಕಿ, ಸೋಲಿಸಿಯೇ ತೀರುತ್ತೇನೆಂದು ಆಡಿದೆ. ಒಂದು ಗಂಟೆಯಲ್ಲಿ ರುಮಾಲು ಒಣಗಿತು, ನೆಲದ ಕಾವು ಬೂಟಿನೊಳಗಿನ ಅಂಗಾಲನ್ನು ಸುಡತೊಡಗಿತು, ತಲೆ ಗಿರ್ರೆಂದಿತು. ಬಿದ್ದರೆ ಬ್ಯಾಟು ಹೋಯಿತು. ಸಾಕು ಎಂದರೆ ಬೀದರಿನ ಮಾನ ಹೋಯಿತು. ಮೊದಲ ಸರ್ವಿಸ್ ನೆಟ್ಟಿಗೆ ಬಡಿಯಿತು. ಎರಡನೆಯದಕ್ಕೆ ಚೆಂಡು ತೆಗೆಯಲು ಬೆವರು ತುಂಬಿದ ಕಣ್ಣಿನಲ್ಲೇ ಜೇಬಿಗೆ ಕೈ ಹಾಕಿ, ಮೇಲೆಸೆದು, ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಬಾರಿಸಿದೆ.

ಫಟ್! ಆಗಿನ ಚೆಂಡೂ ಬಿಳಿ, ಉಳ್ಳಾಗಡ್ಡಿಯೂ ಬಿಳಿ. ಅರ್ಧ ನನ್ನ ಮುಖಕ್ಕೆ, ಅರ್ಧ ನೆಟ್ಟಿನಾಚೆಗೆ. ಸಾಹೇಬರು ನಿಷ್ಠೆಯಿಂದ ಓಡಿಬಂದು ಅದರಲ್ಲೊಂದು ಪದರನ್ನು ತಿರುಗಿ ಹೊಡೆದೇ ಬಿಟ್ಟರು! ಹೊಡೆದದ್ದು ಏನೆಂದು ತಿಳಿದ ಮೇಲೆ ಹೊಟ್ಟೆ ಹಿಡಿದುಕೊಂಡು ಅಲ್ಲೇ ಕೂತರು. ನಾನೂ ಕಣ್ಣುಜ್ಜಿಕೊಳ್ಳುತ್ತ, ನಗುತ್ತ ಕೂತೆ.

ನಗು ನಿಂತರೂ ಸಾಹೇಬರು ಏಳಲಿಲ್ಲ. "ನನಗೆ ಆಗಲೇ ತಲೆ ಸುತ್ತುತ್ತಿತ್ತು ಕಣ್ರೀ. ನೀವೇ ಸಾಕು ಅಂತೀರೇನೋ ಅಂತ ಕಾಯ್ತಿದ್ದೆ."

"ನಾ ನಿಮ್ಮ ಹಾದಿ ನೋಡ್ಲತ್ತಿದ್ದೆರಿ!" ಎಂದೆ. ಮತ್ತೆ ನಗು.

ಒಬ್ಬರ ಹೆಗಲು ಒಬ್ಬರು ಹಿಡಿದು ಮನೆ ಸೇರಿದೆವು. ಬಾಗಿಲಲ್ಲೇ ಅವ್ವ, "ಬಿದ್ದಿ ಏನು?" ಎಂದಳು.

"ಇಲ್ಲ ತಾಯೀ, ಇಬ್ಬರೂ ಕೂತ್ಕೊಂಡ್ವಿ, ಅಷ್ಟೇ," ಎಂದರು ಸಾಹೇಬರು.

ಅವ್ವ ಮೊದಲು ಅವರ ತಲೆಗೆ ಒದ್ದೆ ಬಟ್ಟೆ ಹಾಕಿದಳು, ಮಜ್ಜಿಗೆ ಕುಡಿಸಿದಳು. ಆಮೇಲೆ ಇಬ್ಬರ ಬ್ಯಾಟುಗಳನ್ನೂ ಎತ್ತಿ ಬಗಲಲ್ಲಿಟ್ಟುಕೊಂಡಳು. "ಸಾಹೇಬ್ರ, ಇನ್ಮುಂದ ನಿಮ್ಮದೂ ಇಲ್ಲೇ ಇರ್ಲಿ. ಐದು ಗಂಟಿ ಆದ ಮ್ಯಾಲ ಬಂದು ಒಯ್ಯರಿ."

ಕಚೇರಿಯನ್ನೆಲ್ಲ ನಡುಗಿಸುತ್ತಿದ್ದ ಆ ಸಾಹೇಬರು ಬೇಸಿಗೆ ಮುಗಿಯುವ ತನಕ ದಿನಾ ಐದಕ್ಕೆ ನಮ್ಮ ಹೊಸ್ತಿಲಲ್ಲಿ ನಿಂತು, "ತಾಯೀ, ಬ್ಯಾಟು ಕೊಡ್ತೀರಾ?" ಎಂದು ಕೇಳುತ್ತಿದ್ದರು. ಅವ್ವ ಅಂಗಳಕ್ಕೆ ಬಂದು ಒಮ್ಮೆ ಬಿಸಿಲು ನೋಡಿ, ಆಮೇಲೆ ಕೊಡುತ್ತಿದ್ದಳು.