ಮೊಗಲಪ್ಪನ ನಾಲ್ಕು ಕೋಟ್ ಸ್ಟ್ಯಾಂಡು

ತಾಂಡೂರಿನ ಮೊಗಲಪ್ಪ ಮೂವತ್ತೊಂದು ವರ್ಷಗಳಿಂದ ಲೇಥಿನಲ್ಲಿ ಮಂಚದ ಕಾಲು ಕಡೆಯುತ್ತಿದ್ದಾನೆ. ಒಂದು ಕಾಲನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಕೈಹಾಕುವವನಲ್ಲ. ಬಳೆಯಂತೆ ಸುತ್ತ ಉಬ್ಬಿದ ಮೊದಲ ಪಟ್ಟಿಯನ್ನು ನಾಲ್ಕೂ ತುಂಡುಗಳ ಮೇಲೆ ಕಡೆದು, ಆಮೇಲೆ ಎರಡನೆಯ ಬಳೆಗೆ ಹೋಗುತ್ತಾನೆ. ಹೀಗೆ ಮಾಡಿದರೆ ಉಳಿಯ ಹರಿತ ತಗ್ಗಿದರೂ ನಾಲ್ಕರಲ್ಲೂ ಒಂದೇ ಸಮ ತಗ್ಗುತ್ತದೆ, ವ್ಯತ್ಯಾಸ ಕಾಣುವುದಿಲ್ಲ.

ಈಗ ಜನ ಕಬ್ಬಿಣದ ಮಂಚ ಕೊಳ್ಳುತ್ತಾರೆ. ಲೇಥು ಪಡಸಾಲೆಯಲ್ಲಿ ಐದು ಅಡಿ ಜಾಗ ಹಿಡಿದು ಸುಮ್ಮನೆ ನಿಂತಿತ್ತು. ಅಲ್ಲಿ ಹಿಟ್ಟಿನ ಗಿರಣಿ ಇಡಬೇಕೆಂದು ಹೆಂಡತಿ ಜನಾಬಾಯಿಯ ಹಟ.

“ಯುಗಾದಿ ತನಕ ಕೆಲ್ಸ ಬರ್ಲಿಲ್ಲಂದ್ರ ಇದನ್ನ ಗುಜರಿಗಿ ಹಾಕ್ತೀನಿ ನೋಡ್ರಿ,” ಎಂದಳು.

ಯುಗಾದಿಗೆ ಹದಿನೈದು ದಿನ ಇರುವಾಗ ವಕೀಲ ನಂದಕಿಶೋರ ಬಂದರು. ಕೋರ್ಟಿನಿಂದ ಬಂದೊಡನೆ ಬೆವರಲ್ಲಿ ನೆನೆದ ಕರಿ ಕೋಟು ತೂಗುಹಾಕಲು ಆರು ಗೂಟದ ಕಂಬವೊಂದು ಅವರಿಗೆ ಬೇಕಿತ್ತು. ಮೊಗಲಪ್ಪ ಹತ್ತಿರದ ಯಾಲಾಲದಿಂದ ಒಣಗಿದ ಬೇವಿನ ಕಟ್ಟಿಗೆ ತಂದ. ಕಂಬ ಐದೂವರೆ ಅಡಿ, ಲೇಥಿನಲ್ಲಿ ಹಿಡಿಸುವುದು ಮೂರೇ ಅಡಿ. ಎರಡು ತುಂಡು ಕಡೆದು, ಒಂದರ ತುದಿಯನ್ನು ಸಣ್ಣ ಮಾಡಿ, ಇನ್ನೊಂದರ ತೂತಿಗೆ ಇಳಿಸಿ ಅಂಟು ಹಚ್ಚಿದ.

ಒಂಬತ್ತನೆಯ ದಿನ ಜನಾಬಾಯಿ ನೋಡಿದರೆ ಸಾಲಾಗಿ ನಾಲ್ಕು ಕೋಟ್ ಸ್ಟ್ಯಾಂಡು.

“ವಕೀಲ್ ಸಾಬ್ ಎಷ್ಟು ಕೇಳ್ಯಾರ್ರಿ?”

“ಒಂದು.”

“ಮತ್ತ ಇವು?”

ಮೊಗಲಪ್ಪ ಎಣಿಸಿ ನೋಡಿದ. ಗೂಟಗಳೂ ಇಪ್ಪತ್ನಾಲ್ಕಿದ್ದವು. “ಕೈಗಿ ರೂಢಿ ಬಿದ್ದದ. ನಾ ಏನ್ ಮಾಡ್ಲಿ?”

“ವಕೀಲ್ ಸಾಬಗ ಇನ್ನಾ ಮೂರು ಕೋಟ್ ಹೊಲಸ್ರಿ ಮತ್ತ! ಕೇಳ್ರಿ, ಯುಗಾದಿ ಒಳಗ ಈ ಮೂರೂ ಹೋದ್ರ ಲೇಥ್ ಇರ್ತದ. ಒಂದು ಉಳೀತಂದ್ರೂ ಗುಜರಿ.”

ವಕೀಲರು ತಮ್ಮದನ್ನು ಒಯ್ದರು. ಉಳಿದ ಮೂರನ್ನು ಮೊಗಲಪ್ಪ ಬಾಗಿಲ ಮುಂದೆ ನಿಲ್ಲಿಸಿದ. ಆ ಓಣಿಯಲ್ಲಿ ಕೋಟು ಇದ್ದದ್ದು ಮದುವೆ ಬ್ಯಾಂಡಿನ ತುಳಸಿರಾಮನೊಬ್ಬನಿಗೆ. ಅದನ್ನು ಅವನು ಟ್ರಂಕಿನಲ್ಲಿಡುತ್ತಿದ್ದ. ನಾಲ್ಕು ದಿನ ಯಾರೂ ಕೇಳಲಿಲ್ಲ. ಸುಮ್ಮನೆ ನಿಂತದ್ದನ್ನು ನೋಡಲಾರದೆ ಜನಾಬಾಯಿ ಒಂದನ್ನು ಒಳಗೆಳೆದು, ಅದಕ್ಕೆ ಬೆಳ್ಳುಳ್ಳಿ ಗೊಂಚಲು, ಬಿಳಿಜೋಳದ ಬೀಜದ ತೆನೆ ಕಟ್ಟಿದಳು.

ಯುಗಾದಿಯ ಹಿಂದಿನ ಬೆಳಿಗ್ಗೆ ಮಜ್ಜಿಗೆ ಕೇಳಲು ಬಂದ ಪಕ್ಕದ ಮನೆಯ ಬಂಡಮ್ಮ ಅದನ್ನು ಸುತ್ತಿ ಸುತ್ತಿ ನೋಡಿದಳು.

“ಜನಕ್ಕಾ, ಬಾಗ್ಲ ಮುಂದಿನವು ಇದ್ಕೂ ಬರ್ತಾವೇನು? ನಮ್ಮನಿಗಿ ಸ್ಲ್ಯಾಬ್ ಹಾಕ್ಸಿದ್ಮ್ಯಾಗ ತೆನಿ ಕಟ್ಟಾಕ ತೊಲಿನೇ ಇಲ್ಲ. ಬೀಜ ಎಲ್ಲಾ ಇಲಿ ಪಾಲು.”

“ನಮ್ಮವ್ರೇ ಮಾಡ್ಯಾರ. ಕೈ ಆಡ್ಸಿ ನೋಡು, ಎಷ್ಟು ನುಣ್ಣಗದ. ಇಲಿ ಏರಿದ್ರ ಜಾರಿ ಬೀಳ್ತದ,” ಎಂದಳು ಜನಾಬಾಯಿ. ಇಲಿ ಏರಿದ್ದನ್ನು ಅವಳೂ ನೋಡಿರಲಿಲ್ಲ.

ಬಂಡಮ್ಮ ದುಡ್ಡು ಕೊಟ್ಟು ಹೊರಗಿನದೊಂದನ್ನು ಹೊತ್ತೊಯ್ದಳು. ಮಧ್ಯಾಹ್ನ ಅವಳ ತಂಗಿ ಮಹಾನಂದಾ ಇನ್ನೊಂದಕ್ಕೆ ಬಂದಳು. ಅವಳದೂ ಸ್ಲ್ಯಾಬಿನ ಮನೆ. ಸಂಜೆ ಎದುರು ಮನೆಯ ಮಾಣಿಕಮ್ಮ ಬರುವಾಗ ಉಳಿದದ್ದು ಬೆಳ್ಳುಳ್ಳಿ ಕಟ್ಟಿದ್ದು ಮಾತ್ರ.

“ಅದು ಕೊಡಲ್ಲ,” ಎಂದಳು ಜನಾಬಾಯಿ.

ಮೊಗಲಪ್ಪ ಉಳಿ ಒರೆಸುತ್ತ ಗಂಭೀರವಾಗಿ ಕೇಳಿದ: “ಒಂದು ಉಳೀತು. ಗುಜರಿಯವಗ ಹೇಳ್ಲೇನು?”

“ಭಾರಿ ಶಾಣ್ಯಾ ಆಗಬ್ಯಾಡ್ರಿ. ಗಿರಣಿ ಹಿತ್ಲದಾಗ ಇಡ್ತೀನಿ. ಮಾಣಿಕಮ್ಮಗ ಒಂದು ಮಾಡಿಕೊಡ್ರಿ. ಗೂಟ ಒಂದು ಗೇಣು ಕೆಳಗಿರ್ಲಿ, ಹೆಣ್ಮಕ್ಕಳ ಕೈಗಿ ಸಲೀಸಾಗಿ ಎಟಕ್ಬೇಕು.”

ಮೊಗಲಪ್ಪ ಮಾಣಿಕಮ್ಮನನ್ನು ಗೋಡೆಗೆ ನಿಲ್ಲಿಸಿ, ಕೈಯನ್ನು ತಲೆಯ ಮಟ್ಟಕ್ಕೆ ಎತ್ತಿಸಿ, ಸೀಮೆಸುಣ್ಣದಿಂದ ಗೆರೆ ಎಳೆದ. ಗೂಟದ ಎತ್ತರ ನಾಲ್ಕು ಅಡಿ ಒಂಬತ್ತು ಅಂಗುಲ.