ಉಕ್ಕದೆ ನಿಂತ ಹಾಲು

ಬಾಡಿಗೆ ಮನೆ ನೋಡಲು ಹೊರಟವರಿಗೆ ನಾನು ಮೊದಲು ಹೇಳುವ ಮಾತು ಒಂದೇ. ಮನೆಯವರು ಜೋರಾಗಿ ಹೇಳುವ ಷರತ್ತಿಗೆ ಹೆದರಬೇಡಿ, ಮೆಲ್ಲಗೆ ಹೇಳುವುದನ್ನು ಕಿವಿಗೊಟ್ಟು ಕೇಳಿ. ಗೋಡೆಗೆ ಮೊಳೆ ಹೊಡೆಯಬಾರದು, ನಲ್ಲಿ ಬಿಟ್ಟು ಹೋಗಬಾರದು, ನೆಂಟರು ವಾರಗಟ್ಟಲೆ ಉಳಿಯಬಾರದು, ಇವೆಲ್ಲ ಜೋರಾಗಿ ಬರುತ್ತವೆ. ಅರ್ಧಕ್ಕರ್ಧ ಚೌಕಾಸಿಗೆ ಸಿಗುತ್ತವೆ. ಕೊನೆಗೆ ನಾವು ಚಪ್ಪಲಿ ಮೆಟ್ಟುವಾಗ ಬಾಗಿಲವಾಡಕ್ಕೆ ಕೈಯಿಟ್ಟುಕೊಂಡು ಒಂದು ಮಾತು ಹೇಳುತ್ತಾರಲ್ಲ, ಅದೇ ಅಸಲು. ಅದು ಬಗ್ಗುವುದಿಲ್ಲ.

ಇದನ್ನು ನನಗೆ ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ನಂಜನಗೂಡಿನ ಬಸ್ ಸ್ಟ್ಯಾಂಡಿನಲ್ಲಿ ಬಾಳೆಹಣ್ಣು ಮಾರಿದವನು ನಾನು. ಕಿಟಕಿಯಲ್ಲಿ ಕಂಡ ಮುಖ ನೋಡಿ, ಡ್ರೈವರು ಗೇರು ಹಾಕುವುದರೊಳಗೆ ವ್ಯಾಪಾರ ಮುಗಿಸಬೇಕಾಗಿತ್ತು. ಮದುವೆಯಾದ ಮೇಲೆ ತಿ. ನರಸೀಪುರಕ್ಕೆ ಬಂದು ಒಂದು ಜೆರಾಕ್ಸ್ ಅಂಗಡಿ ಹಾಕಿದೆ, ಜೊತೆಗೆ ಮನೆ ಕೊಡಿಸುವ ಕೆಲಸ ಹಿಡಿದೆ. ಕೊಡಿಸಿದ ಮನೆಗಳಲ್ಲಿ ಎಷ್ಟೋ ಮರೆತೇಹೋಗಿವೆ. ಕೊರಿಯಾದ ಆ ಹುಡುಗ ಹುಡುಗಿಗೆ ಕೊಡಿಸಿದ ಮನೆ ಮಾತ್ರ ಮರೆತಿಲ್ಲ.

ಒಂದು ಬೆಳಿಗ್ಗೆ ಅಂಗಡಿಯ ಮುಂದೆ ಇಬ್ಬರೂ ಬಂದು ನಿಂತರು. ಹೊಸದಾಗಿ ಮದುವೆಯಾದವರು ಅಂತ ನೋಡಿದರೇ ತಿಳಿಯುತ್ತಿತ್ತು. ಹುಡುಗ ಕೈಮುಗಿದು, ಒಂದೊಂದೇ ಪದವನ್ನು ಜೋಡಿಸಿ ಇಟ್ಟಂತೆ ಹೇಳಿದ: "ನಮಸ್ಕಾರ. ನಾವು ಬಾಡಿಗೆಗೆ ಒಂದು ಮನೆಯನ್ನು ಹುಡುಕುತ್ತಿದ್ದೇವೆ. ನೀವು ನಮಗೆ ಸಹಾಯ ಮಾಡುವಿರಾ?"

ಪಹಣಿ ಜೆರಾಕ್ಸ್ ಮಾಡಿಸಲು ನಿಂತಿದ್ದ ಮೂಗೂರಿನ ಗೌಡರೊಬ್ಬರು ನನ್ನ ಕಿವಿಯ ಹತ್ತಿರ ಬಂದು, "ಏನ್ಲಾ ಇದು, ರೇಡಿಯೋದಲ್ಲಿ ವಾರ್ತೆ ಓದ್ದಂಗೆ ಮಾತಾಡ್ತಾವ್ನೆ" ಅಂದರು.

ಮೈಸೂರಿನಲ್ಲಿ ಕೆಲವು ತಿಂಗಳು ಕೂತು ಪುಸ್ತಕದಿಂದ ಕಲಿತ ಕನ್ನಡ ಅದು. ಅವರ ದೇಶದ ಚರ್ಚೊಂದು ಅವರನ್ನು ಮಿಷನರಿಗಳಾಗಿ ಕಳಿಸಿತ್ತು. ನಮ್ಮೂರಿನಲ್ಲಿ ಕಿವಿ ಕೇಳದ ಮಕ್ಕಳಿಗೆಂದು ಇದ್ದ ಸಣ್ಣ ಶಾಲೆಯಲ್ಲಿ ಕೆಲಸ. ಸದ್ಯಕ್ಕೆ ಬಸ್ ಸ್ಟ್ಯಾಂಡಿನ ಹತ್ತಿರದ ಲಾಡ್ಜಿನಲ್ಲಿದ್ದರು. ಮೈಸೂರಿನಲ್ಲಿದ್ದ ಅವರ ಹಿರಿಯ ಪಾದ್ರಿಗಳು ತಿಂಗಳ ಕೊನೆಯವರೆಗೆ ಗಡುವು ಕೊಟ್ಟಿದ್ದರಂತೆ. ಅಷ್ಟರೊಳಗೆ ಮನೆ ಸಿಗದಿದ್ದರೆ ಗಂಟುಮೂಟೆ ಕಟ್ಟಿಕೊಂಡು ವಾಪಸು. ಮತ್ತೆ ಈ ಶಾಲೆಗೆ ಕಳಿಸಲು ಅವರ ಬಳಿ ಬೇರೆ ಜನ ಇರಲಿಲ್ಲ.

ನಾನು ಹುಡುಗಿಯ ಕಡೆ ತಿರುಗಿದೆ. ಎಂಥ ಮನೆ ಬೇಕಮ್ಮ ಅಂತ ಕೇಳಿದೆ. "ನನಗೆ ಒಂದು ಒಲೆ ಬೇಕು" ಅಂದಳು. ಹೋಟೆಲಿನ ಊಟ ಒಗ್ಗದೆ ಮುಖ ಸಣ್ಣಗಾಗಿತ್ತು. ಅವಳ ಆ ಮಾತಿಗೆ ನಾನು ಅಂಗಡಿಯ ಶಟರು ಎಳೆದು ಎದ್ದೆ.

ಮನೆಗಳೇನೋ ಖಾಲಿ ಇದ್ದವು. ಒಬ್ಬರು, ಫಾರಿನ್ನವರಾದರೆ ಪೊಲೀಸ್ ಸ್ಟೇಷನ್ನಿಗೆ ಅಲೆಯಬೇಕು ಅಂದರು. ಇನ್ನೊಬ್ಬರು, ಪಾದ್ರಿಗಳಾದರೆ ಭಾನುವಾರ ಜನ ಸೇರುತ್ತಾರೆ ಅಂದರು. ಮೂರನೆಯ ಬಾಗಿಲೂ ಮುಚ್ಚಿದ ಮೇಲೆ ನಾನು ಹುಡುಗನಿಗೆ ಬುದ್ಧಿ ಹೇಳಿದೆ.

"ಸಾರ್, ಮಿಷನರಿ ಅಂತ ಮೊದಲೇ ಯಾಕ್ ಹೇಳ್ತೀರಾ? ಸ್ಕೂಲ್ ಮೇಷ್ಟ್ರು ಅನ್ನಿ, ಸಾಕು."

"ಅದು ಸುಳ್ಳಾಗುತ್ತದೆ."

"ಸುಳ್ಳೆಲ್ಲಿ ಬಂತು ಸಾರ್? ಅರ್ಧ ನಿಜ."

"ಉಳಿದ ಅರ್ಧವನ್ನು ನಾನು ಎಲ್ಲಿ ಇಡಲಿ?"

ನಾನು ಮುಂದಿನ ಮನೆಯ ಕಡೆ ಹೆಜ್ಜೆ ಹಾಕಿದೆ.

ತಿಂಗಳು ಮುಗಿಯುವ ಹೊತ್ತಿಗೆ ಉಳಿದದ್ದು ಒಂದೇ ಮನೆ. ಹೊಳೆಗೆ ಹೋಗುವ ದಾರಿಯಲ್ಲಿ, ದೊಡ್ಡ ಮನೆಯೊಂದರ ಹಿತ್ತಲಿಗೆ ಅಂಟಿಕೊಂಡಂತಿದ್ದ ಎರಡು ಕೋಣೆಯ ಮನೆ. ಯಜಮಾನರು ಹುಲ್ಲಹಳ್ಳಿಯಲ್ಲಿ ಅಕ್ಕಿ ಗಿರಣಿ ನಡೆಸುತ್ತಿದ್ದರು, ಬಾಡಿಗೆ ವ್ಯವಹಾರವೆಲ್ಲ ಅವರ ಹೆಂಡತಿಯದು. ಲಿಂಗಾಯತರ ಮನೆ. ಹಣೆಗೆ ಅಗಲವಾಗಿ ವಿಭೂತಿ ಬಳಿದು, ಹಿತ್ತಲಿನಲ್ಲಿ ಹಸು ಕಟ್ಟಿಕೊಂಡು, ಬೀದಿಯಲ್ಲಿ ಹೋಗುವವರನ್ನೆಲ್ಲ ವಿಚಾರಿಸಿಕೊಳ್ಳುವ ಗಟ್ಟಿ ಹೆಂಗಸು. ನಾನು ಅವರನ್ನು ಅವ್ವ ಅನ್ನುತ್ತಿದ್ದೆ. ಅವರು ನನ್ನನ್ನು ಬ್ರೋಕ್ರಪ್ಪ ಅನ್ನುತ್ತಿದ್ದರು.

"ಲೇ ಬ್ರೋಕ್ರಪ್ಪ, ಮಾಂಸ ಮೀನು ಒಳಕ್ ಬರಕೂಡ್ದು. ಒಂಬತ್ ಗಂಟೆ ಮ್ಯಾಕೆ ಗೇಟ್ ಆಕ್ತೀನಿ. ಜನ ಗುಂಪು ಕಟ್ಕಂಡು ಆಡೋದು ಪಾಡೋದು ಮಾಡಂಗಿಲ್ಲ."

ಹುಡುಗ ಎಲ್ಲಕ್ಕೂ ತಲೆಯಾಡಿಸಿ, ತಾನು ಮಿಷನರಿ ಅನ್ನುವುದನ್ನೂ ಹೇಳಿದ. ಆಕೆ ಅವನನ್ನು ಮೇಲಿಂದ ಕೆಳಗೆ ನೋಡಿದರು. "ನೀವ್ ಯಾವ ದ್ಯಾವ್ರಿಗಾರ ಕೈ ಮುಗ್ಕಳಿ. ನಲ್ಲಿ ನೀರು ಪೋಲು ಮಾಡ್ಬ್ಯಾಡಿ."

ನಾವು ಚಪ್ಪಲಿ ಮೆಟ್ಟುತ್ತಿದ್ದೆವು. ಆಕೆ ಬಾಗಿಲವಾಡಕ್ಕೆ ಕೈಯಿಟ್ಟುಕೊಂಡು ಮೆಲ್ಲಗೆ ಅಂದರು: "ಆಲು ಉಕ್ಕಿಸ್ಬೇಕು ಕಣಪ್ಪ. ಮುಂಚೆ ಇಲ್ಲಿದ್ದೋರು ಅವಸ್ರ ಅಂತ ಅಂಗೇ ಒಳಕ್ ನುಗ್ಗುದ್ರು. ವರ್ಸ ತುಂಬೋದ್ರಲ್ಲಿ ಗಂಡ ಒಂದ್ ಕಡೆ, ಎಂಡ್ತಿ ಒಂದ್ ಕಡೆ. ಈ ಮಕ್ಳಿಗಂಗಾಗೋದು ಬ್ಯಾಡ. ನನ್ ಮನೆಗೂ ಆ ಎಸ್ರು ಬ್ಯಾಡ."

ಹೊಸ ಮನೆಗೆ ಹೋದಾಗ ಒಲೆಯ ಮೇಲೆ ಮೊದಲು ಹಾಲಿಟ್ಟು, ಅದು ಉಕ್ಕಿ ಚೆಲ್ಲುವುದನ್ನು ನೋಡಿ ಆಮೇಲೆ ಸಂಸಾರ ಹೂಡುವುದು ನಮ್ಮ ಕಡೆ ಎಲ್ಲರೂ ಮಾಡುವುದೇ. ಹುಡುಗನಿಗೆ ಅದನ್ನು ವಿವರಿಸಿದೆ. ಅವನು ನಡೆಯುತ್ತಿದ್ದವನು ನಿಂತುಬಿಟ್ಟ.

"ಇದು ಆರಾಧನೆಯೇ?"

ಅಲ್ಲ ಅಂತ ನಾನೇ ಹೇಳಿಬಿಡಬಹುದಾಗಿತ್ತು. ಉಳಿದರ್ಧ ಎಲ್ಲಿಡಲಿ ಅಂದಿದ್ದ ಹುಡುಗ, ಆಮೇಲೆ ಯಾರಿಂದಲೋ ಬೇರೆ ಥರ ತಿಳಿದರೆ ಮನೆಯನ್ನೇ ಬಿಟ್ಟು ಹೋದಾನು. ಅದಕ್ಕೇ ವಾಪಸು ಕರೆದುಕೊಂಡು ಹೋಗಿ ಅವ್ವನನ್ನೇ ಕೇಳಿದೆ. ದಲ್ಲಾಳಿ ಆಗಬೇಕೆನ್ನುವವರು ಗಮನಿಸಿ: ಎರಡು ಕಡೆಯವರ ನಡುವೆ ನಂಬಿಕೆಯ ವಿಷಯ ಬಂದಾಗ ನೀವು ನಡುವೆ ನಿಲ್ಲಬೇಡಿ, ಪಕ್ಕಕ್ಕೆ ಸರಿಯಿರಿ.

"ಪೂಜೆನ ನಾನು ಬೆಳಿಗ್ಗೆನೇ ನಮ್ಮನೇಲಿ ಮಾಡ್ಕತೀನಿ" ಅಂದರು ಅವ್ವ. "ಇದು ಒಲೆಗೆ ಇವ್ರ ಪರಿಚಯ ಮಾಡ್ಸೋದು ಕಣಪ್ಪ."

ಒಲೆಯ ಪಕ್ಕ ದೇವರ ಪಟ ಇಡುವ ರೂಢಿ ಇತ್ತು. ಪಟ ನಿಮ್ಮ ಮನೆಯಲ್ಲೇ ಇರಲಿ ಅವ್ವ, ಹಾಲು ಮಾತ್ರ ಇಲ್ಲಿಗೆ ಬರಲಿ ಅಂತ ನಾನು ಬೇಡಿದೆ. ಆಕೆ ಒಪ್ಪಿದರು. ಹುಡುಗ ತಾನೂ ಒಂದು ಪ್ರಾರ್ಥನೆ ಹೇಳಬಹುದೇ ಅಂತ ಕೇಳಿದ. "ಯೋಳ್ಕಳ್ಲಿ. ಮೆತ್ತಗೆ ಯೋಳ್ಕಳ್ಲಿ" ಅಂದರು. ಹಾಗೆ ಕುದುರಿತು.

ತಿಂಗಳ ಕೊನೆಯ ದಿನ ಬೆಳಿಗ್ಗೆ ಇಬ್ಬರೂ ಲಾಡ್ಜು ಖಾಲಿ ಮಾಡಿ, ಸೂಟ್‌ಕೇಸುಗಳನ್ನು ಹೊರಗಿನ ಜಗಲಿಯ ಮೇಲೆ ಇಟ್ಟರು. ಅವ್ವ ತಮ್ಮ ಹಸುವಿನ ಹಾಲನ್ನು ಹಿತ್ತಾಳೆಯ ಪಾತ್ರೆಯಲ್ಲಿ ತಂದು ಗ್ಯಾಸ್ ಒಲೆಯ ಮೇಲಿಟ್ಟರು. ಹುಡುಗಿಯ ಕೈಲೇ ಒಲೆ ಹಚ್ಚಿಸಿದರು. ಹುಡುಗ ಕಣ್ಣು ಮುಚ್ಚಿ, ತುಟಿ ಮಾತ್ರ ಅಲ್ಲಾಡುವಂತೆ ಪ್ರಾರ್ಥಿಸಿದ. ಹಾಲು ನಿಧಾನವಾಗಿ ಬಿಸಿಯಾಯಿತು. ಅಂಚಿನಲ್ಲಿ ನೊರೆ ಕಟ್ಟಿತು. ನಡುವೆ ಗುಮ್ಮಟದ ಹಾಗೆ ಎದ್ದಿತು.

ಪಾತ್ರೆಯ ಕಂಠದವರೆಗೆ ಬಂದದ್ದೇ ತಡ, ಹುಡುಗಿ ಸರ್ರನೆ ಮುಂದೆ ಬಂದು ಒಲೆ ಆರಿಸಿ, ದುಪಟ್ಟಾದ ತುದಿಯಿಂದ ಪಾತ್ರೆಯನ್ನು ಎತ್ತಿ ಕೆಳಗಿಟ್ಟಳು. ಒಂದು ತೊಟ್ಟೂ ಚೆಲ್ಲಲಿಲ್ಲ. ಗೆದ್ದವಳ ಹಾಗೆ ನಮ್ಮ ಕಡೆ ನೋಡಿದಳು. ಯಾರ ಮುಖದಲ್ಲೂ ನಗು ಇರಲಿಲ್ಲ. ಉಕ್ಕುವುದನ್ನು ನೋಡಬೇಕು ಅಂತ ನಾನು ಹುಡುಗನಿಗೆ ಹೇಳಿದ್ದೆ, ಅವಳಿಗೂ ಅವನು ಹೇಳಿದ್ದ. ಆದರೂ ಹಾಲು ಎದ್ದ ಕೂಡಲೇ ಕೈ ತಡೆಯಲಿಲ್ಲ. ಎರಡು ಬೆರಳು ಸುಟ್ಟು ಕೆಂಪಗಾಗಿದ್ದವು.

ಅವ್ವ ಅವಳ ಕೈ ಹಿಡಿದು ನಲ್ಲಿಯ ಕೆಳಗೆ ಒಡ್ಡಿದರು. ತಾವೇ ಪೋಲು ಮಾಡಬೇಡಿ ಅಂದಿದ್ದ ನೀರು ಬಹಳ ಹೊತ್ತು ಹರಿಯಿತು. ನಾನು ಮೆಲ್ಲಗೆ, ಅದನ್ನೇ ಮತ್ತೆ ಒಲೆ ಮೇಲಿಡೋಣ ಅಂದೆ.

"ಒಂದ್ಸಲ ತಡ್ದ ಆಲ್ನ ಮತ್ತೆ ಇಡ್ತರೇನ್ಲಾ?"

"ಓಗ್ಲಿ, ಪ್ಯಾಕೆಟ್ ಆಲು ತರ್ತೀನಿ ಅವ್ವ."

"ಪ್ಯಾಕೆಟ್ ಆಲು ಉಕ್ಸಿ ಪ್ಯಾಕೆಟ್ ಸಂಸಾರ ಮಾಡ್ಲಾ ಇವ್ರು? ಸಂಜೆ ಅಸ ಕರೀತೀನಿ. ಅಲ್ಲೀಗಂಟ ತಡೀರಿ."

ಸಂಜೆಯವರೆಗೆ ಅಂದರೆ ಇಡೀ ದಿನ. ಬೆಳಗಿನ ಮಿಕ್ಕ ಹಾಲು ಆಗಲೇ ಡೈರಿಗೆ ಹೋಗಿತ್ತು. ಮಧ್ಯಾಹ್ನ ಮೈಸೂರಿನಿಂದ ಹಿರಿಯ ಪಾದ್ರಿಗಳ ಫೋನು ಬಂತು. ಹುಡುಗ ಜಗಲಿಯಲ್ಲಿ ಓಡಾಡುತ್ತ ಮಾತಾಡಿ, ನನ್ನ ಪಕ್ಕ ಬಂದು ಕೂತ. "ಇಂದು ಬೀಗದ ಕೈ ಸಿಗದಿದ್ದರೆ ಕೊನೆಯ ಬಸ್ಸಿನಲ್ಲಿ ಬರಬೇಕೆಂದು ಹೇಳಿದ್ದಾರೆ. ನಾವು ಈಗಲೇ ಹೋಗುವುದು ಮರ್ಯಾದೆಯಲ್ಲವೇ?"

"ಸಾರ್, ವ್ಯಾಪಾರದಲ್ಲಿ ಎದ್ದು ಹೋಗೋದೂ ಒಂದು ಮಾತು, ಕೂತಿರೋದೂ ಒಂದು ಮಾತು. ಇವತ್ತು ಕೂತಿರಿ."

ಒಳಗೆ ಅವ್ವ ಒಂದು ಮೊರ ಅವರೆಕಾಯಿ ಸುರುವಿಕೊಂಡು ಕೂತಿದ್ದರು. ಹುಡುಗಿ ಎದುರಿಗೆ ಕಾಲು ಮಡಚಿ ಕೂತು, ಸುಟ್ಟ ಬೆರಳು ಎತ್ತಿ ಹಿಡಿದು, ಉಳಿದ ಬೆರಳುಗಳಲ್ಲೇ ಕಾಯಿ ಬಿಡಿಸುತ್ತಿದ್ದಳು. ಬಾಗಿಲಿನಿಂದ ನನಗೆ ಕೇಳಿಸುತ್ತಿತ್ತು.

"ನಾನು ತಪ್ಪು ಮಾಡಿದೆನೇ?"

"ಇಲ್ಲ ಕಣವ್ವ. ಆಲು ಮ್ಯಾಕೆ ಬತ್ತಿದ್ರೆ ನೋಡ್ಕಂಡು ನಿಂತ್ಕಳೋಳು ಒಂದು ಎಂಗ್ಸಾ? ಇನ್ನೊಬ್ರ ಮನೆ ಆಲ್ಗೆ ಕೈ ಸುಟ್ಕಂಡೆ ನೀನು." ಬಿಡಿಸಿದ ಕಾಳನ್ನು ಮೊರದ ಅಂಚಿಗೆ ಸರಿಸಿ ಅಂದರು: "ಆದ್ರೆ ಇವತ್ ಒಂದಿನ ನಿಂತ್ಕಬೇಕು. ನಾಳಿಂದ ಒಂದ್ ತೊಟ್ಟು ಚೆಲ್ಲುದ್ರೂ ನಾನೇ ಬೈತೀನಿ."

ಹುಡುಗಿಗೆ ಅಷ್ಟು ವೇಗದ ಮಾತು ಎಷ್ಟು ತಿಳಿಯಿತೋ. ಬೈತೀನಿ ಅನ್ನುವುದು ತಿಳಿದಿರಬೇಕು, ನಕ್ಕಳು.

ದೀಪ ಹಚ್ಚುವ ಹೊತ್ತಿಗೆ ನೊರೆ ಹಾಲು ಬಂತು. ಅವ್ವ ಹುಡುಗಿಯ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಸಿ ನಿಲ್ಲಿಸಿದರು. ಹುಡುಗ ಅವಳ ಮಣಿಕಟ್ಟು ಹಿಡಿದುಕೊಂಡ. ಹಾಲು ಎದ್ದಾಗ ಅವಳ ಭುಜ ಎರಡೂ ಮುಂದಕ್ಕೆ ಬಾಗಿದವು, ಕಾಲು ಮಾತ್ರ ಕದಲಲಿಲ್ಲ. ಕಂಠ ದಾಟಿತು. ಪಾತ್ರೆಯ ಮೈಮೇಲೆ ಬೆಳ್ಳಗೆ ಇಳಿದು ಒಲೆಯ ಉರಿಗೆ ಬಿದ್ದು ಚುಯ್ ಅಂತು. ಸುಟ್ಟ ಹಾಲಿನ ವಾಸನೆ ಕೋಣೆ ತುಂಬಿತು.

"ಮೂಡ್ಲಾಗೇ ಬಿತ್ತು" ಅಂದರು ಅವ್ವ. ಪೂರ್ವ ದಿಕ್ಕಿಗೆ ಚೆಲ್ಲಿದರೆ ಒಳ್ಳೆಯದೆಂದು ನಂಬಿಕೆ. ಸೊಂಟದಿಂದ ಬೀಗದ ಕೈ ತೆಗೆದು, ನನಗೂ ಅಲ್ಲ, ಹುಡುಗನಿಗೂ ಅಲ್ಲ, ಹುಡುಗಿಯ ಸುಡದ ಕೈಗೆ ಇಟ್ಟರು.

ಮಿಕ್ಕ ಹಾಲಿಗೆ ಸಕ್ಕರೆ ಹಾಕಿ ಎಲ್ಲರೂ ಕುಡಿದೆವು. ಹುಡುಗ ಮೈಸೂರಿಗೆ ಫೋನು ಮಾಡಿದ. ಅವರ ಭಾಷೆ ನನಗೆ ಬಾರದು, ಆದರೆ ಮನೆ ಸಿಕ್ಕಿದವನ ದನಿ ಯಾವ ಭಾಷೆಯಲ್ಲಾದರೂ ನನಗೆ ತಿಳಿಯುತ್ತದೆ.

ಅವರು ಆ ಮನೆಯಲ್ಲಿ ಕೆಲವು ವರ್ಷ ಇದ್ದು, ಶಾಲೆಯ ಕೆಲಸವನ್ನು ಊರಿನ ಹುಡುಗಿಯರಿಗೆ ಕಲಿಸಿಕೊಟ್ಟು ತಮ್ಮ ದೇಶಕ್ಕೆ ಹೋದರು. ಹೋಗುವ ಹೊತ್ತಿಗೆ ಆ ರೇಡಿಯೋ ಕನ್ನಡ ಪೂರ್ತಿ ಅಳಿಸಿಹೋಗಿ, ಹುಡುಗಿ ತರಕಾರಿಯವಳ ಜೊತೆ ನನ್ನನ್ನು ಮೀರಿಸುವಂತೆ ಚೌಕಾಸಿ ಮಾಡುತ್ತಿದ್ದಳು. ಈಗ ಆ ಬೀದಿಯಲ್ಲಿ ಹೋಗುವಾಗಲೆಲ್ಲ ನನಗೆ ಆ ಮೊದಲ ಸಂಜೆಯೇ ನೆನಪಾಗುತ್ತದೆ. ಅವ್ವನೂ ನಾನೂ ಹಿತ್ತಲಿಗೆ ಬಂದು ನಿಂತಿದ್ದೆವು. ಒಳಗೆ ಸೂಟ್‌ಕೇಸು ಎಳೆಯುವ ಸದ್ದು ಕೇಳಿಸಿತು, ಆಮೇಲೆ ಒಳಗಿನಿಂದ ಚಿಲಕ ಹಾಕಿದ ಸದ್ದು.

"ಕದ ಆಕ್ಕಂಡ್ರು" ಅಂದರು ಅವ್ವ, ಖಾಲಿ ಪಾತ್ರೆಯನ್ನು ಸೊಂಟಕ್ಕೆ ಒತ್ತಿಕೊಂಡು. "ನಡಿ ಬ್ರೋಕ್ರಪ್ಪ, ಇನ್ನೇನು ನಮ್ಗೆ ಇಲ್ ಕೆಲ್ಸ."