ಹಾಕದೆ ಬಿಟ್ಟ ಒಂದು ಗುರುತು

೧೯೮೯ರ ಮಳೆಗಾಲ. ಬೆಂಗಳೂರಿನಿಂದ ಮದುವೆಯಾಗಿ ಬಂದು ಗೋರೆಗಾಂವ್‌ನಲ್ಲಿದ್ದ ನಾನು, ಗ್ರಾಂಟ್ ರೋಡಿನ ಒಂದು ಟೈಪಿಂಗ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೆ. ಅಲ್ಲಿಗೆ ಆಗಷ್ಟೇ ಕಂಪ್ಯೂಟರ್ ಬಂದಿತ್ತು. ಅದರಲ್ಲಿ ಅಕ್ಷರ ದಪ್ಪವಾಗಬೇಕಾದರೆ ಪದದ ಮುಂದೆ ಒಂದು ಗುರುತು, ಪದ ಮುಗಿದ ಮೇಲೆ ದಪ್ಪ ನಿಲ್ಲಿಸಲು ಮತ್ತದೇ ಗುರುತು ಹಾಕಬೇಕಿತ್ತು. ಪರದೆಯ ಮೇಲೆ ಎಲ್ಲ ಅಕ್ಷರಗಳೂ ಒಂದೇ ಥರ ಕಾಣುತ್ತಿದ್ದವು. ಯಾವುದು ದಪ್ಪ, ಯಾವುದು ತೆಳು ಎಂಬುದು ಪ್ರಿಂಟ್ ಆದಮೇಲಷ್ಟೇ ತಿಳಿಯುತ್ತಿತ್ತು.

ಒಂದು ಬೆಳಿಗ್ಗೆ ಕದಂ ಎಂಬವರು ಪೂರ್ತಿ ನೆನೆದು ಬಂದರು. ಬೈಕುಲ್ಲಾದಲ್ಲಿ ಅವರಿದ್ದ ಚಾಳಿನ, ಅಂದರೆ ಸಾಲು ಕೋಣೆಗಳ ಹಳೆಯ ಕಟ್ಟಡದ, ಒಂದು ಭಾಗ ಹಿಂದಿನ ದಿನ ಕುಸಿದಿತ್ತು. ಕೈಯಲ್ಲಿ ಇಪ್ಪತ್ತು ಹೆಸರುಗಳ ಪಟ್ಟಿಯಿತ್ತು.

"ಖೋಲಿ ನಂಬರ್ ಪ್ರಕಾರ ಹಾಕಿ ಬೆಹೆನ್‌ಜಿ. ಸತ್ತವರ ಹೆಸರು ದಪ್ಪಕ್ಕೆ ಬರಲಿ, ಗಾಯ ಆದವರದ್ದು ಸಾದಾ. ಜಲ್ದಿ ಕರೋ, ಜನ ಕಾಯ್ತಿದ್ದಾರೆ" ಎಂದು ಹಿಂದಿಯಲ್ಲಿ ಹೇಳಿದರು.

ಟೈಪ್ ಮಾಡಿದೆ. ಪ್ರಿಂಟ್ ಬಂದಾಗ ಹೆಸರುಗಳ ಸ್ಪೆಲಿಂಗ್ ನೋಡಿದೆನೇ ಹೊರತು ದಪ್ಪ ತೆಳುವನ್ನು ಅವರ ಪಟ್ಟಿಯ ಜೊತೆ ತಾಳೆ ನೋಡಲಿಲ್ಲ. ಅವರು ಹಾಳೆಯನ್ನು ಅಂಗಿಯೊಳಗೆ ಸಿಕ್ಕಿಸಿಕೊಂಡು ಓಡಿದರು.

ಮರುದಿನ ಮಧ್ಯಾಹ್ನ ಅಂಗಡಿಗೆ ಅವರ ಫೋನು. ಹದಿನಾರನೆಯ ಹೆಸರಿನ ಕೊನೆಗೆ ನಾನು ಗುರುತು ಹಾಕಿರಲಿಲ್ಲ. ಶುರು ಮಾಡುವ ಗುರುತೇ ನಿಲ್ಲಿಸುವ ಗುರುತಾಗಿ, ಅಲ್ಲಿಂದ ಕೆಳಗಿನ ನಾಲ್ಕು ಹೆಸರು ತಿರುವುಮುರುವಾಗಿದ್ದವು. ಬದುಕಿದ್ದ ಮೂವರು ದಪ್ಪಕ್ಕೆ ಬಂದಿದ್ದರು. ಅವರ ಮನೆಯವರು ಆಸ್ಪತ್ರೆಯ ವಾರ್ಡಿಗೇ ಹೋಗಿ ಕಣ್ಣಾರೆ ಕಂಡು ಸುಧಾರಿಸಿಕೊಂಡಿದ್ದರು. ಸತ್ತಿದ್ದ ಒಬ್ಬನ ಹೆಸರು ಮಾತ್ರ ಸಾದಾ ಆಗಿತ್ತು. ಮಸ್ತಾನ್ ಸಾಬ್, ಲೇತ್ ಕೆಲಸದವನು.

"ಅವನ ಹೆಂಡತಿ ವಾರ್ಡಿನ ಬಾಗಿಲು ಬಿಟ್ಟು ಏಳುತ್ತಿಲ್ಲ. ನಾವು ಎಷ್ಟು ಹೇಳಿದರೂ ನಂಬುತ್ತಿಲ್ಲ, ಕಾಗದದಲ್ಲಿ ಇದೆಯಲ್ಲಾ ಅಂತಾಳೆ. ನಿಮ್ಮ ಕಡೆಯವಳೇ. ನೀವೇ ಬಂದು ಹೇಳಿ" ಎಂದರು ಕದಂ.

ಸರಿಪಡಿಸಿದ ಹಾಳೆ ತೆಗೆದುಕೊಂಡು ಆಸ್ಪತ್ರೆಗೆ ಹೋದೆ. ಕದಂ ಗೇಟಿನಲ್ಲೇ ಸಿಕ್ಕಿ ವಾರ್ಡಿಗೆ ಕರೆದೊಯ್ದರು. ವಾರ್ಡಿನ ಬಾಗಿಲಲ್ಲಿ ಸುಮಾರು ನನ್ನದೇ ವಯಸ್ಸಿನ ಹೆಂಗಸು ಗೋಡೆಗೊರಗಿ ಕೂತಿದ್ದಳು. ಹೆಸರು ಹುಸೇನ್‌ಬಿ, ವಿಜಾಪುರದ ಕಡೆಯವಳು. ಮಡಿಲಲ್ಲಿ ಗಂಜಿಯ ಡಬ್ಬಿ. ಕನ್ನಡ ಕೇಳಿದ್ದೇ ಅವಳ ಮುಖ ಅರಳಿತು.

"ಬರ್ರಿ ಅಕ್ಕಾರ. ನೀವರ ಒಂದೀಟು ಡಾಕ್ಟರಗ ಹೇಳ್ರಿ. ನಿನ್ನಿಯಿಂದ ಒಳಗ ಬಿಡವಲ್ರು." ಸೆರಗಿನ ಗಂಟಿನಿಂದ ನಾನು ಟೈಪ್ ಮಾಡಿದ ಪಟ್ಟಿಯ ಪ್ರತಿ ತೆಗೆದು ಬಿಡಿಸಿದಳು. "ನನಗ ಓದಾಕ ಬರಂಗಿಲ್ರಿ. ಆದ್ರ ಇಕಾ, ಇದು ಅವರ ಹೆಸರಂತ. ಕರ್ರಗ ಇಲ್ಲ ನೋಡ್ರಿ. ಕರ್ರಗಿದ್ದವರಷ್ಟs ಹೋದವರಂತ."

ನಾನು ಅವಳೆದುರು ನೆಲಕ್ಕೆ ಕೂತೆ.

"ಹುಸೇನ್‌ಬಿ, ಈ ಕಾಗದ ಮಾಡಿದವಳು ನಾನೇ. ಅದರಲ್ಲಿ ತಪ್ಪಾಗಿದೆ. ನಿಮ್ಮ ಯಜಮಾನರು ಈ ವಾರ್ಡಿನಲ್ಲಿಲ್ಲ."

"ಮತ್ತ ಯಾವ ವಾರ್ಡಿನಾಗ ಅದಾರ್ರಿ?"

ಹೇಳಲೇಬೇಕಾಯಿತು. "ಇಲ್ಲ. ಹೋಗಿಬಿಟ್ಟಿದ್ದಾರೆ. ಕೆಳಗೆ ಶವಾಗಾರದಲ್ಲಿದ್ದಾರೆ."

ಅವಳು ಹಾಳೆಯನ್ನೇ ನೋಡುತ್ತ ಕೂತಳು. ಅಳಲಿಲ್ಲ. ಆಮೇಲೆ ಕೇಳಿದಳು: "ನಿನ್ನಿನೂ ಅಲ್ಲೇ ಇದ್ರೇನ್ರಿ?"

"ಹೌದು."

"ಹಂಗಾರ ನಾ ಇಲ್ಲಿ ಕುಂತಾಗ ಅವರು ಅಲ್ಲಿ ಒಬ್ಬರs ಇದ್ರು."

ಕದಂ ಮುಂದೆ, ನಾವಿಬ್ಬರೂ ಹಿಂದೆ ಮೆಟ್ಟಿಲಿಳಿದೆವು. ಶವಾಗಾರದ ಬಾಗಿಲಲ್ಲಿ ನಾನು ನಿಂತುಬಿಟ್ಟೆ. ಅದನ್ನು ಕಂಡು ಅವಳೇ, "ನೀವು ಇಲ್ಲೇ ನಿಂದರ್ರಿ" ಎಂದು ಒಳಗೆ ಹೋದಳು. ಕೂಗು ಆಗ ಕೇಳಿಸಿತು.

ಸಂಜೆಗೆ ಅವಳ ಮೈದುನ ಬಂದ. ಮಣ್ಣು ಮಾಡಿದ ಮರುದಿನವೇ ಅವಳನ್ನು ಊರಿಗೆ ಕರೆದುಕೊಂಡು ಹೋದನಂತೆ. ಮತ್ತೆ ನಾನು ಅವಳನ್ನು ನೋಡಲಿಲ್ಲ.

ಅಂಗಡಿಯ ಮಾಲೀಕರು ಬೈಯಲಿಲ್ಲ, ಅವಸರದಲ್ಲಿ ಆಗುತ್ತೆ ಎಂದರು. ಆದರೆ ನನಗೆ ಅದು ಅಷ್ಟಕ್ಕೇ ಮುಗಿಯಲಿಲ್ಲ. ನೆರೆಹೊರೆಯವರು ಕಣ್ಣಿಂದ ಕಂಡು ಹೇಳಿದ ಮಾತಿಗಿಂತ, ತನಗೆ ಓದಲೂ ಬಾರದ ಒಂದು ಹಾಳೆಯನ್ನು ಅವಳು ಹೆಚ್ಚು ನಂಬಿದ್ದಳು. ಆ ಹಾಳೆಯನ್ನು ನಾನು ಎರಡನೇ ಸಲ ನೋಡಿರಲಿಲ್ಲ.